ಕಣ್ಣಿಗೆ 'ನಂಬರ್' ಏಕೆ ಬರುತ್ತದೆ? ಗಡಿ ಊರುಗಳ ಪಾಲಕರು ತಿಳಿಯಬೇಕಾದ ಕೆಲವು ಸಂಗತಿಗಳು

ಕಾಣಕೋಣ: ಗೋವಾದ ದಕ್ಷಿಣ ತುದಿಯ ಪೋಳೆಂ ಚೆಕ್‌ಪೋಸ್ಟ್ ದಾಟಿದರೆ ಕಾರವಾರ ತಾಲೂಕಿನ ಮಾಜಾಳಿ. ಇಲ್ಲಿಯ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇತ್ತ ವಾಸ್ಕೋದ ಬೈನಾ, ಝುವಾರಿನಗರದ ಕಡೆ ಬಂದರೆ ಲೆಕ್ಕ ತಿರುಗಾಮುರುಗಾ. ಬಾಗಲಕೋಟೆ, ವಿಜಯಪುರ, ಗದಗದ ಕಡೆಯಿಂದ ದುಡಿಯಲು ಬಂದವರ ಮನೆಗಳಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ ಮತ್ತು ಕೊಂಕಣಿ, ಶಾಲೆಯ ಫಲಕದ ಮೇಲೆ ಬಹುಪಾಲು ದೇವನಾಗರಿ ಅಥವಾ ಇಂಗ್ಲಿಷ್. ಎರಡು ಲಿಪಿಗಳ ನಡುವೆ ಓಡಾಡುವ ಇಂಥ ಮಗು ತರಗತಿಯಲ್ಲಿ ತಪ್ಪು ಬರೆದರೆ ಎಲ್ಲರಿಗೂ ಮೊದಲು ಹೊಳೆಯುವ ಕಾರಣ ಒಂದೇ. 'ಮನೆಯ ಭಾಷೆ ಬೇರೆ, ಅದಕ್ಕೇ ಹಿಂದೆ ಬಿದ್ದಿದೆ.'

ಇದು ಎಷ್ಟೋ ಸಲ ನಿಜವೂ ಹೌದು. ಆದರೆ ಎಲ್ಲ ಸಲ ಅಲ್ಲ.

ಕನ್ನಡದ ದ, ಧ, ಥ ಅಕ್ಷರಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಮೈ ಒಂದೇ, ಹೊಟ್ಟೆಯೊಳಗಿನ ಚುಕ್ಕೆ, ಕೆಳಗಿನ ಸೀಳು ಮಾತ್ರ ಬೇರೆ. ಪ ಮತ್ತು ಷ, ವ ಮತ್ತು ಮ ಕೂಡ ಹಾಗೆಯೇ, ಒಂದು ಸಣ್ಣ ಗೆರೆಯ ಅಂತರ. ದೇವನಾಗರಿಯಲ್ಲಿ ಘ ಮತ್ತು ಧ, ಭ ಮತ್ತು ಮ ಇವುಗಳ ನಡುವೆಯೂ ತಲೆಗೆರೆಯ ಹತ್ತಿರದ ಒಂದು ಸುರುಳಿಯಷ್ಟೇ ವ್ಯತ್ಯಾಸ. ಹಿಂದಿನ ಬೆಂಚಿನ ಮಗುವಿಗೆ ಫಲಕ ಮಸುಕಾಗಿ ಕಂಡರೆ ಮೊದಲು ಅಳಿಸಿಹೋಗುವುದು ಇವೇ ಚುಕ್ಕೆ, ಸುರುಳಿಗಳು. ಆ ಮಗು 'ಧನ'ವನ್ನು 'ದನ' ಎಂದು ಬರೆಯುತ್ತದೆ. ಪುಸ್ತಕ ಕೈಗೆ ಕೊಟ್ಟರೆ ಸರಿಯಾಗಿ ಓದುತ್ತದೆ. ಹೀಗೆ ಪುಸ್ತಕದಲ್ಲಿ ಸರಿ, ಫಲಕದಲ್ಲಿ ತಪ್ಪು ಎಂಬುದು ಕಂಡುಬಂದರೆ ಭಾಷೆಯನ್ನು ದೂರುವ ಮೊದಲು ಕಣ್ಣು ಪರೀಕ್ಷೆ ಮಾಡಿಸುವುದು ಒಳಿತು. ಮಗು ತಾನಾಗಿ ಬಂದು 'ಕಾಣುವುದಿಲ್ಲ' ಎಂದು ಹೇಳುವುದು ಅಪರೂಪ. ಹುಟ್ಟಿನಿಂದ ಅಥವಾ ನಿಧಾನವಾಗಿ ಮಸುಕಾದ ಜಗತ್ತನ್ನೇ ನೋಡಿದ ಅದಕ್ಕೆ ಎಲ್ಲರಿಗೂ ಹೀಗೇ ಕಾಣುತ್ತದೆ ಎಂಬ ನಂಬಿಕೆ.

ಟೆಂಟ್ ಸಿನೆಮಾದ ಪರದೆ

ಜನ 'ನಂಬರ್ ಬಂದಿದೆ' ಎನ್ನುವುದನ್ನು ವೈದ್ಯರು ವಕ್ರೀಭವನ ದೋಷ ಎನ್ನುತ್ತಾರೆ. ಹೆಸರು ಭಾರವಾದರೂ ಸಂಗತಿ ಸರಳ. ಹಿಂದಿನ ಟೂರಿಂಗ್ ಟಾಕೀಸ್ ನೋಡಿದವರಿಗೆ ಇನ್ನೂ ಸುಲಭ. ಪ್ರೊಜೆಕ್ಟರ್‌ನ ಮಸೂರದಿಂದ ಹೊರಟ ಬೆಳಕು ಸರಿಯಾಗಿ ಪರದೆಯ ಮೇಲೆ ಕೂಡಿದರೆ ನಟನ ಮುಖ ಸ್ಪಷ್ಟ. ಪರದೆಯನ್ನು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಚಿತ್ರ ಮಸುಕು. ಆಗ ಆಪರೇಟರ್ ಮಸೂರವನ್ನು ತಿರುಗಿಸಿ ಸರಿಪಡಿಸುತ್ತಿದ್ದ.

ಕಣ್ಣಿನಲ್ಲಿ ಪರದೆಯ ಕೆಲಸ ಮಾಡುವುದು ಹಿಂಭಾಗದಲ್ಲಿರುವ ಅಕ್ಷಿಪಟ, ಅಂದರೆ ರೆಟಿನಾ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಮುಂದಿರುವ ಪಾರದರ್ಶಕ ಗಾಜಿನಂಥ ಕಾರ್ನಿಯಾದ್ದು, ಉಳಿದದ್ದು ಪಾಪೆಯ ಹಿಂದಿರುವ ಮಸೂರದ್ದು. ವಯಸ್ಕರ ಕಣ್ಣುಗುಡ್ಡೆಯ ಉದ್ದ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಹುಟ್ಟಿದ ಕೂಸಿನಲ್ಲಿ ಅದು 17ರ ಆಸುಪಾಸು. ಅಂದರೆ ಮಗು ಬೆಳೆಯುವಾಗ ಪರದೆ ನಿಧಾನವಾಗಿ ಹಿಂದೆ ಸರಿಯುತ್ತಾ ಹೋಗುತ್ತದೆ. ಮಸೂರದ ಶಕ್ತಿಯೂ ಅದಕ್ಕೆ ಹೊಂದಿಕೊಂಡು ಇಳಿಯುತ್ತದೆ. ಈ ಹೊಂದಾಣಿಕೆ ಬಹುತೇಕ ಮಕ್ಕಳಲ್ಲಿ ತಾನಾಗಿಯೇ ನಡೆಯುವುದೇ ಒಂದು ಸೋಜಿಗ. ಏಕೆಂದರೆ ಉದ್ದದಲ್ಲಿ ಒಂದು ಮಿಲಿಮೀಟರ್, ಒಂದು ಸಾಸಿವೆ ಕಾಳಿಗಿಂತ ಕಡಿಮೆ, ಹೆಚ್ಚುಕಡಿಮೆಯಾದರೂ ಎರಡೂವರೆಯಿಂದ ಮೂರು ನಂಬರ್‌ನಷ್ಟು ದೋಷ ಬರುತ್ತದೆ.

ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆದರೆ ಚಿತ್ರ ಪರದೆಗಿಂತ ಮುಂದೆಯೇ ಕೂಡುತ್ತದೆ. ಇದೇ ಸಮೀಪದೃಷ್ಟಿ, ಮೈನಸ್ ನಂಬರ್. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಹೆಸರಿನ ಬಗ್ಗೆ ಇಲ್ಲಿ ಹಲವರಿಗೆ ಗೊಂದಲವಿದೆ. ಸಮೀಪದೃಷ್ಟಿ ಎಂದರೆ ಸಮೀಪದ್ದು ಕಾಣದಿರುವುದಲ್ಲ, ಸಮೀಪದ್ದು ಮಾತ್ರ ಕಾಣುವುದು.

ಮೈನಸ್ ನಂಬರ್‌ನ ಅರ್ಥವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಒಂದು ಮೀಟರನ್ನು ಆ ನಂಬರ್‌ನಿಂದ ಭಾಗಿಸಿದರೆ ಸಾಕು. ಮೈನಸ್ 1 ಇದ್ದವರಿಗೆ ಒಂದು ಮೀಟರ್‌ವರೆಗೆ ಸ್ಪಷ್ಟ, ಅದರಾಚೆ ಮಸುಕು. ಮೈನಸ್ 2 ಇದ್ದವರಿಗೆ ಅರ್ಧ ಮೀಟರ್. ಮೈನಸ್ 4 ಎಂದರೆ ಕೇವಲ 25 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ಮೈನಸ್ 2ರ ಮಗುವಿಗೆ ತನ್ನ ಪಾಟಿಯ ಆಚೆಗಿನ ತರಗತಿಯೆಲ್ಲ ಮಂಜು. 'ಬರೀ ಎರಡು ನಂಬರ್, ಏನಾಗುವುದಿಲ್ಲ' ಎನ್ನುವ ಪಾಲಕರು ಈ ಲೆಕ್ಕವನ್ನು ನೆನಪಿಡುವುದು ಒಳ್ಳೆಯದು.

ಬಿಸಿಲು ಕಡಿಮೆಯಾದದ್ದೇ ಕಾರಣವೇ?

ಕಣ್ಣುಗುಡ್ಡೆ ಏಕೆ ಉದ್ದ ಬೆಳೆಯುತ್ತದೆ? ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು ಎಂಬುದು ಹಳೆಯ ಮಾತು, ಅದು ಸುಳ್ಳಲ್ಲ. ಆದರೆ ಒಂದೆರಡು ತಲೆಮಾರಿನಲ್ಲೇ ಸಮೀಪದೃಷ್ಟಿ ಹಲವು ಪಟ್ಟು ಹೆಚ್ಚಿದ ದೇಶಗಳಿವೆ. ರಕ್ತಸಂಬಂಧ ಅಷ್ಟು ಬೇಗ ಬದಲಾಗುವಂಥದ್ದಲ್ಲ. ಬದಲಾದದ್ದು ಮಕ್ಕಳ ದಿನಚರಿ. ಹತ್ತಿರದಿಂದ ಓದುವ, ಬರೆಯುವ, ಪರದೆ ನೋಡುವ ಹೊತ್ತು ಹೆಚ್ಚಿತು, ಬಯಲಿನಲ್ಲಿ ಆಡುವ ಹೊತ್ತು ಕಡಿಮೆಯಾಯಿತು.

ಎರಡನೆಯದೇ ಹೆಚ್ಚು ಮುಖ್ಯ ಎನ್ನಲು ಈಗ ಗಟ್ಟಿ ಆಧಾರಗಳಿವೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧ ಶಾಲೆಗಳ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟರು, ಉಳಿದ ಶಾಲೆಗಳಲ್ಲಿ ಎಂದಿನಂತೆ ಪಾಠ. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಹೊರಗೆ ಆಡಿದ ಗುಂಪಿನಲ್ಲಿ ಶೇ 30ರಷ್ಟು, ಇನ್ನೊಂದರಲ್ಲಿ ಶೇ 39ಕ್ಕೂ ಹೆಚ್ಚು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತೈವಾನ್ 2010ರಿಂದಲೇ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮ ಹಾಕಿಕೊಂಡಿತು. ಅಲ್ಲಿ ದಶಕಗಳಿಂದ ಏರುತ್ತಿದ್ದ ಮಕ್ಕಳ ದೃಷ್ಟಿದೋಷ ನಂತರದ ವರ್ಷಗಳಲ್ಲಿ ಇಳಿಮುಖವಾಯಿತು.

ಇಲ್ಲಿ ಕೆಲಸ ಮಾಡುವುದು ಆಟಕ್ಕಿಂತ ಹೆಚ್ಚಾಗಿ ಬೆಳಕು. ಮನೆಯೊಳಗೆ ದೀಪದ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಮಾವಿನ ಮರದ ನೆರಳಿನಲ್ಲೂ ಹಲವು ಸಾವಿರ ಇರುತ್ತದೆ. ಪ್ರಖರ ಬೆಳಕಿನಲ್ಲಿ ಅಕ್ಷಿಪಟದಿಂದ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚು ಸ್ರವಿಸಿ, ಕಣ್ಣು ಉದ್ದ ಬೆಳೆಯುವುದಕ್ಕೆ ಕಡಿವಾಣ ಹಾಕುತ್ತದೆ ಎಂಬುದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ. ಹಾಗಾಗಿ ನಡುಮಧ್ಯಾಹ್ನದ ಬಿಸಿಲಿಗೆ ಮಕ್ಕಳನ್ನು ತಳ್ಳಬೇಕಾಗಿಲ್ಲ. ಅಂಗಳ, ಮರದ ನೆರಳು, ಕಡಲ ದಂಡೆ ಸಾಕು. ಮಳೆಗಾಲದ ನಾಲ್ಕು ತಿಂಗಳು ಈ ಕರಾವಳಿಯಲ್ಲಿ ಕಷ್ಟವೇ, ಆದರೆ ಮಳೆ ಬಿಟ್ಟ ಹೊತ್ತಿನಲ್ಲಿ ಹೊರಗೆ ಬಿಡಲು ಅಡ್ಡಿಯಿಲ್ಲ. ಝುವಾರಿನಗರದಂಥ ಕಡೆ ಹತ್ತು ಅಡಿಯ ಖೋಲಿಯಲ್ಲಿ ಬಾಡಿಗೆಗಿದ್ದು, ಇಬ್ಬರೂ ದುಡಿಯಲು ಹೋಗುವಾಗ ಮಗು ಸುರಕ್ಷಿತವಾಗಿರಲೆಂದು ಕೈಗೆ ಮೊಬೈಲ್ ಕೊಟ್ಟು ಚಿಲಕ ಹಾಕುವ ಕುಟುಂಬಗಳಿಗೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಸುಲಭವಲ್ಲ. ಈ ಮಕ್ಕಳಿಗೆ ಶಾಲೆಯ ಮೈದಾನವೇ ಆಸರೆ. ಆಟದ ಅವಧಿಯನ್ನು ಗಣಿತಕ್ಕೆ ಕೊಡುವ ಶಾಲೆಗಳು ಇದನ್ನು ಯೋಚಿಸಬೇಕು.

ಮೊಬೈಲ್‌ನ ವಿಷಯದಲ್ಲಿ ಪರದೆಯ ಬೆಳಕಿಗಿಂತ ಅಂತರದ ಪ್ರಶ್ನೆ ದೊಡ್ಡದು. ಪುಸ್ತಕವಾಗಲಿ ಮೊಬೈಲ್ ಆಗಲಿ, ಮೊಣಕೈಯಿಂದ ಬೆರಳಿನವರೆಗಿನ ಅಂತರದಲ್ಲಿ ಇರಬೇಕು. ಅಂಗೈಯಗಲದ ಪರದೆಯನ್ನು ಮಕ್ಕಳು ಮೂಗಿನ ಹತ್ತಿರ ಹಿಡಿಯುತ್ತಾರೆ ಎಂಬುದೇ ತೊಂದರೆ. ಗೋಡೆಯ ಟಿವಿ ಅದಕ್ಕಿಂತ ವಾಸಿ.

ಬೇಗ ನಂಬರ್ ಬಂದ ಮಕ್ಕಳಲ್ಲಿ ಅದು ಹೆಚ್ಚು ಏರುತ್ತದೆ. ಮೈನಸ್ 6 ದಾಟಿದರೆ ಹಿಗ್ಗಿದ ಕಣ್ಣಿನ ಅಕ್ಷಿಪಟ ತೆಳುವಾಗಿ, ಮುಂದೆ ಹರಿಯುವ, ಕಳಚುವ ಅಪಾಯವಿದೆ. ಇಂಥವರಿಗೆ ಕಣ್ಣೆದುರು ಮಿಂಚು ಹೊಳೆದಂತಾದರೆ, ಹಠಾತ್ತಾಗಿ ಕಪ್ಪು ಚುಕ್ಕೆಗಳು ತೇಲಿದರೆ, ಒಂದು ಬದಿಯಲ್ಲಿ ಪರದೆ ಎಳೆದಂತೆ ಕಂಡರೆ ಸಂತೆ, ಜಾತ್ರೆ ಎಂದು ಕಾಯದೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ನಂಬರ್ ಏರುವ ವೇಗ ತಗ್ಗಿಸಲು ಅಟ್ರೊಪಿನ್ ಎಂಬ ಔಷಧಿಯನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಹನಿಯಾಗಿ ಕೊಡುವ ಪದ್ಧತಿ ಈಗ ಬಂದಿದೆ. ಅದು ವೈದ್ಯರ ನಿರ್ಧಾರ, ಅಂಗಡಿಯಲ್ಲಿ ಕೇಳಿ ತರುವುದಲ್ಲ.

ಬೇಗ ಕಂಡುಹಿಡಿಯಬೇಕಾದ ಪ್ಲಸ್

ಕಣ್ಣುಗುಡ್ಡೆ ಗಿಡ್ಡವಾಗಿಯೇ ಉಳಿದರೆ ಚಿತ್ರ ಪರದೆಯ ಹಿಂದೆ ಕೂಡುವಂತಾಗುತ್ತದೆ. ಇದು ದೂರದೃಷ್ಟಿ, ಪ್ಲಸ್ ನಂಬರ್. ಚಿಕ್ಕ ಮಕ್ಕಳ ಮಸೂರ ಮೆತ್ತಗಿರುವುದರಿಂದ ಅದನ್ನು ಉಬ್ಬಿಸಿ ಹೇಗೋ ಸರಿದೂಗಿಸಿಕೊಳ್ಳುತ್ತಾರೆ. ಫಲಕದ ಅಕ್ಷರವನ್ನೂ ಓದುತ್ತಾರೆ. ಆದ್ದರಿಂದ ಇದು ಮೈನಸ್‌ನಂತೆ ಸುಲಭವಾಗಿ ಗೊತ್ತಾಗುವುದಿಲ್ಲ. ಸಂಜೆ ತಲೆನೋವು, ಓದಲು ಕೂತರೆ ಬೇಸರ, ಕೆಲವೊಮ್ಮೆ ಕಣ್ಣು ಮೂಗಿನ ಕಡೆ ಓರೆಯಾಗುವುದು, ಇವು ಲಕ್ಷಣಗಳು.

ನಿಜವಾದ ಅಪಾಯವಿರುವುದು ಒಂದು ಕಣ್ಣಿಗೆ ಮಾತ್ರ ಹೆಚ್ಚು ನಂಬರ್ ಇದ್ದಾಗ. ಮಿದುಳು ಸ್ಪಷ್ಟವಾಗಿ ಕಾಣುವ ಕಣ್ಣಿನ ಮಾತನ್ನಷ್ಟೇ ಕೇಳುತ್ತದೆ, ಇನ್ನೊಂದನ್ನು ಕ್ರಮೇಣ ಕಡೆಗಣಿಸುತ್ತದೆ. ಇದಕ್ಕೆ ಆಂಬ್ಲಿಯೋಪಿಯಾ, ಆಡುಮಾತಿನಲ್ಲಿ ಸೋಮಾರಿ ಕಣ್ಣು ಎನ್ನುತ್ತಾರೆ. ಏಳೆಂಟು ವರ್ಷದೊಳಗೆ ಗೊತ್ತಾದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ತಾಸು ಪಟ್ಟಿಯಿಂದ ಮುಚ್ಚಿ, ಹಿಂದೆ ಬಿದ್ದ ಕಣ್ಣಿಗೆ ಕೆಲಸ ಕಲಿಸಬಹುದು. ತಡವಾದಷ್ಟೂ ಫಲ ಕಡಿಮೆ. ಇಪ್ಪತ್ತರ ಹರೆಯದಲ್ಲಿ ಪೊಲೀಸ್ ಅಥವಾ ಸೈನ್ಯ ಭರ್ತಿಗೆ ಹೋಗಿ ಅಲ್ಲಿಯ ತಪಾಸಣೆಯಲ್ಲೇ ಮೊದಲ ಬಾರಿಗೆ ಒಂದು ಕಣ್ಣು ಕಾಣುವುದಿಲ್ಲ ಎಂದು ಗೊತ್ತಾಗುವವರಿದ್ದಾರೆ. ಆಗ ಎಂಥ ಕನ್ನಡಕ ಹಾಕಿದರೂ ಆ ಕಣ್ಣು ಪೂರ್ತಿ ತಿಳಿಯಾಗುವುದು ಕಷ್ಟ.

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಗಡಿಯ ಎರಡೂ ಬದಿಯ ಮನೆಗಳ ಗೋಡೆಯಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ಇರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ದೊಡ್ಡವರಿಗೆ ಸರಿಯಾಗಿ ಕಾಣುವಷ್ಟು ದೂರದಿಂದ ಮಗು ತಾರೀಖು ಓದಲಿ. ಬಳಿಕ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ಓದಿಸಿದರೆ ಏನೂ ತಿಳಿಯುವುದಿಲ್ಲ, ಬೆರಳ ಸಂದಿಯಿಂದ ಇಣುಕುವ ಚಾಲಾಕಿ ಮಕ್ಕಳ ಮೇಲೆಯೂ ಕಣ್ಣಿರಲಿ. ಬಸ್ ನಿಲ್ದಾಣದಲ್ಲಿ ಕದಂಬ ಬಸ್ಸಿನ ಬೋರ್ಡ್ ದೊಡ್ಡವರಿಗೆ ಕಂಡು ಮಗುವಿಗೆ ಕಾಣದಿದ್ದರೆ ಅದೂ ಒಂದು ಸೂಚನೆಯೇ. ಇದು ಕೇವಲ ಎಚ್ಚರಿಕೆಗೆ, ವೈದ್ಯರ ಪರೀಕ್ಷೆಗೆ ಬದಲಿಯಲ್ಲ.

ಚೀಟಿಯಲ್ಲಿ ಬರೆಯುವ ಸಿಲಿಂಡರ್ ನಂಬರ್ ಬೇರೆಯೇ ಬಗೆ. ಕಾರ್ನಿಯಾ ಚೆಂಡಿನಂತೆ ಎಲ್ಲ ಕಡೆ ಸಮ ದುಂಡಗಿರದೆ ಕೋಳಿಮೊಟ್ಟೆಯ ಬದಿಯಂತೆ ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿದ್ದರೆ ಗೆರೆಗಳು ಒಂದು ದಿಕ್ಕಿನಲ್ಲಿ ಸ್ಪಷ್ಟ, ಇನ್ನೊಂದು ದಿಕ್ಕಿನಲ್ಲಿ ಮಸುಕು. ರಾತ್ರಿ ಕರ್ಮಲ್ ಘಾಟಿನ ತಿರುವುಗಳಲ್ಲಿ ಎದುರಿನ ಲಾರಿಯ ದೀಪ ಬಾಣದಂತೆ ಉದ್ದುದ್ದ ಹರಡಿ ಕಾಣುವ ಚಾಲಕರು ಇದನ್ನೊಮ್ಮೆ ತೋರಿಸಿಕೊಳ್ಳಬೇಕು. ಸದಾ ಕಣ್ಣುಜ್ಜುವ ಅಭ್ಯಾಸವಿರುವ ಮಕ್ಕಳಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಚೂಪಾಗುವ ಅಪಾಯವಿದ್ದು, ಅಲರ್ಜಿಯಿಂದ ಕಣ್ಣು ತುರಿಸುವ ಮಗುವಿಗೆ ಚಿಕಿತ್ಸೆ ಕೊಡಿಸುವುದು ಅಗತ್ಯ.

ವ್ಯಾಸರಾಯರ ಕನ್ನಡಕ ಮತ್ತು 'ಚಾಳೀಸು'

ಉತ್ತರ ಕರ್ನಾಟಕದ ಹಿರಿಯರು ಕನ್ನಡಕಕ್ಕೆ 'ಚಾಳೀಸು' ಎನ್ನುತ್ತಾರೆ. ಮರಾಠಿ ಬಲ್ಲವರಿಗೆ ಇದರ ಮೂಲ ಹೇಳಬೇಕಾಗಿಲ್ಲ. ಚಾಳೀಸ ಎಂದರೆ ನಲವತ್ತು, ನಲವತ್ತಕ್ಕೆ ಬರುವುದು ಚಾಳಿಶಿ. ಒಂದು ರೋಗಲಕ್ಷಣಕ್ಕೆ ಇಷ್ಟು ಕರಾರುವಾಕ್ಕಾದ ಹೆಸರು ಇಂಗ್ಲಿಷ್‌ನಲ್ಲೂ ಇಲ್ಲ. ನಲವತ್ತರ ಹೊತ್ತಿಗೆ ಮಸೂರ ಗಟ್ಟಿಯಾಗಿ, ಹತ್ತಿರದ್ದನ್ನು ನೋಡಲು ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಇದು ಎಲ್ಲರಿಗೂ ಬರುವಂಥದ್ದು, ಓದಿದವರು ಓದದವರು ಎಂಬ ಭೇದವಿಲ್ಲ. ಪತ್ರಿಕೆಯನ್ನು ಕೈಚಾಚಿ ದೂರ ಹಿಡಿಯುವುದು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುವುದು ಇದರ ಆರಂಭ.

ಭಾರತದಲ್ಲಿ ಕನ್ನಡಕ ಧರಿಸಿದವರ ಬಗ್ಗೆ ಸಿಗುವ ಅತಿ ಹಳೆಯ ಉಲ್ಲೇಖಗಳಲ್ಲಿ ಒಂದು ಕನ್ನಡ ನಾಡಿನದೇ ಎಂಬುದು ಇಲ್ಲಿ ಹೇಳಬೇಕಾದ ಸಂಗತಿ. ವಿಜಯನಗರದ ರಾಜಗುರು ವ್ಯಾಸರಾಯರು ಸುಮಾರು 1520ರ ವೇಳೆಗೆ ಗ್ರಂಥ ಓದುವಾಗ ಕನ್ನಡಕ ಬಳಸುತ್ತಿದ್ದರೆಂದು ಸೋಮನಾಥ ಕವಿಯ ಸಂಸ್ಕೃತ ಕೃತಿ 'ವ್ಯಾಸಯೋಗಿಚರಿತ'ದಿಂದ ತಿಳಿಯುತ್ತದೆ. ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಇದನ್ನು ಗುರುತಿಸಿದರು. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಕೃಷ್ಣದೇವರಾಯನ ಆಸ್ಥಾನದೊಂದಿಗೆ ಅವರಿಗೆ ಕುದುರೆ ವ್ಯಾಪಾರದ ನಂಟಿತ್ತು. ಹೀಗಾಗಿ ಆ ಕನ್ನಡಕ ಪೋರ್ಚುಗೀಸರ ಮೂಲಕವೇ ಬಂದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅಂದಿಗೆ ವ್ಯಾಸರಾಯರ ವಯಸ್ಸು ಅರವತ್ತರ ಸುಮಾರು. ಅದು ಚಾಳೀಸೇ ಇರಬೇಕು.

ಇಂದು ಅದೇ ಬಗೆಯ ಓದುವ ಕನ್ನಡಕ ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ, ಕಾರವಾರದ ಭಾನುವಾರದ ಸಂತೆಯಲ್ಲಿ ರೆಡಿಮೇಡ್ ಸಿಗುತ್ತದೆ. ಎರಡೂ ಕಣ್ಣಿಗೆ ಒಂದೇ ನಂಬರ್ ಇದ್ದು ಸಿಲಿಂಡರ್ ಇಲ್ಲದವರಿಗೆ ಇದು ನಡೆಯುತ್ತದೆ, ಕೆಟ್ಟದ್ದೇನಲ್ಲ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಗಳಿಗೆ ಬರೀ ಓದುವ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವರು ಕೀಳುವ ಎಲೆಯ ತೂಕ ಕನ್ನಡಕವಿಲ್ಲದವರಿಗಿಂತ ಶೇ 20ಕ್ಕೂ ಹೆಚ್ಚು ಏರಿತು. ಅವರ್ಯಾರೂ ಓದುವುದಕ್ಕೆ ಕನ್ನಡಕ ಹಾಕಿದವರಲ್ಲ. ಹೂ ಕಟ್ಟುವ, ಬಲೆ ಹೆಣೆಯುವ, ಗೇರುಬೀಜ ಆರಿಸುವ ಇಲ್ಲಿಯ ಹೆಂಗಸರಿಗೂ ಇದು ಅನ್ವಯಿಸುತ್ತದೆ. ಆದರೆ ಸಂತೆಯಲ್ಲಿ ಕನ್ನಡಕ ಕೊಂಡವರು ಕಣ್ಣಿನ ಒತ್ತಡ ನೋಡಿಸಿಕೊಳ್ಳುವುದಿಲ್ಲ. ಸದ್ದಿಲ್ಲದೆ ದೃಷ್ಟಿ ಕಸಿಯುವ ಗ್ಲಾಕೋಮಾ ಹೀಗೆಯೇ ತಪ್ಪಿಸಿಕೊಳ್ಳುತ್ತದೆ. ನಲವತ್ತಾದ ಮೇಲೆ ಒಮ್ಮೆಯಾದರೂ ಪೂರ್ತಿ ತಪಾಸಣೆ ಬೇಕು.

ಗೋವಾದಲ್ಲಿರುವವರಿಗೆ ಇನ್ನೊಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೆಂಬಲದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂದಾಗ ದೇಶದಲ್ಲಿ ಸಕ್ಕರೆ ಕಾಯಿಲೆಯ ಪ್ರಮಾಣ ಅತಿ ಹೆಚ್ಚು ಕಂಡದ್ದು ಗೋವಾದಲ್ಲಿ, ವಯಸ್ಕರಲ್ಲಿ ಶೇ 26.4. ರಕ್ತದ ಸಕ್ಕರೆ ಏರಿಳಿದರೆ ಮಸೂರ ನೀರು ಹೀರಿ ಉಬ್ಬಿ, ನಂಬರ್ ವಾರದಿಂದ ವಾರಕ್ಕೆ ಬದಲಾಗುತ್ತದೆ. ಕನ್ನಡಕ ಮಾಡಿಸಿದ ತಿಂಗಳಲ್ಲೇ ಅದು ಹೊಂದುವುದಿಲ್ಲ ಎಂದು ಅಂಗಡಿಯವನೊಂದಿಗೆ ಜಗಳಕ್ಕೆ ನಿಲ್ಲುವ ಮೊದಲು ಸಕ್ಕರೆ ಪರೀಕ್ಷಿಸಿಕೊಳ್ಳುವುದು ಲೇಸು. ಹಾಗೆಯೇ, ವರ್ಷಗಟ್ಟಲೆ ಚಾಳೀಸು ಹಾಕಿದ ಅಜ್ಜನಿಗೆ ಎಪ್ಪತ್ತರಲ್ಲಿ ಅದಿಲ್ಲದೆಯೇ ಪೇಪರ್ ಓದಲು ಬಂದರೆ ಮನೆಯವರು ಹಿಗ್ಗುವುದುಂಟು. ಅದು ಕಣ್ಣು ಮರಳಿ ಬಂದದ್ದಲ್ಲ. ಪೊರೆ ಬೆಳೆಯುವಾಗ ಮಸೂರ ದಟ್ಟವಾಗಿ ಮೈನಸ್ ಕಡೆ ವಾಲಿದ ಲಕ್ಷಣ ಅದು.

ಬಿಡಬೇಕಾದ ನಂಬಿಕೆಗಳು

ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಎಂಬ ನಂಬಿಕೆ ಬಲವಾಗಿದೆ. ಬೆಳೆಯುವ ಮಗುವಿನ ಕಣ್ಣು ಕನ್ನಡಕವಿದ್ದರೂ ಇಲ್ಲದಿದ್ದರೂ ಬೆಳೆಯುತ್ತದೆ, ದೂರು ಮಾತ್ರ ಕನ್ನಡಕಕ್ಕೆ ಬರುತ್ತದೆ. ಬೇಕೆಂದೇ ಕಡಿಮೆ ನಂಬರ್‌ನ ಕನ್ನಡಕ ಕೊಟ್ಟು ನೋಡಿದ ಮಲೇಷ್ಯಾದ ಪ್ರಯೋಗವೊಂದರಲ್ಲಿ (2002) ಆ ಮಕ್ಕಳ ನಂಬರ್ ತುಸು ಹೆಚ್ಚೇ ಏರಿತ್ತು. ಗಜ್ಜರಿ, ಮೀನು, ಸೊಪ್ಪು ತಿನ್ನುವುದು ಕಣ್ಣಿನ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಇರುಳುಗುರುಡು ತಡೆಯುವ ಎ ಜೀವಸತ್ವ ಕಣ್ಣುಗುಡ್ಡೆಯ ಉದ್ದ ಕಡಿಮೆ ಮಾಡಲಾರದು. ಕಣ್ಣಿನ ವ್ಯಾಯಾಮದಿಂದ ಕನ್ನಡಕ ಬಿಡಿಸುತ್ತೇವೆ ಎಂಬ ಜಾಹೀರಾತುಗಳಿಗೂ ಇದೇ ಉತ್ತರ. ಲೇಸರ್ ಚಿಕಿತ್ಸೆ ಕಾರ್ನಿಯಾದ ಆಕಾರ ತಿದ್ದುತ್ತದೆ, ಅದೂ ಹದಿನೆಂಟು ದಾಟಿ ನಂಬರ್ ನಿಂತ ಮೇಲೆ. ಚಾಳೀಸು ಅದನ್ನು ಮಾಡಿಸಿಕೊಂಡವರಿಗೂ ಬರುತ್ತದೆ.

ಇವೆಲ್ಲಕ್ಕಿಂತ ಕಷ್ಟದ್ದು ಹೆಣ್ಣುಮಕ್ಕಳ ವಿಷಯ. 'ಹುಡುಗಿಗೆ ಕನ್ನಡಕ ಹಾಕಿಸಿದರೆ ನಾಳೆ ನೋಡಲು ಬಂದವರು ಏನಂದಾರು' ಎಂದು ಶಾಲೆಯಲ್ಲಿ ಕೊಟ್ಟ ಚೀಟಿಯನ್ನು ಮಾಡದ ಮೇಲಿಟ್ಟು ಮರೆಯುವ ಮನೆಗಳು ಗಡಿಯ ಎರಡೂ ಕಡೆ ಇವೆ. ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಆ ಚೀಟಿ ಯಾರಿಗೂ ನೆನಪಾಗುವುದಿಲ್ಲ.

ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ನಮ್ಮ ದೇಶದಲ್ಲಿ 1976ರಿಂದ ಇದೆ. ಬಡ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಅದರ ಭಾಗ. ಮಕ್ಕಳ ಆರೋಗ್ಯ ತಪಾಸಣೆಗಾಗಿ 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಅಂಗನವಾಡಿ, ಶಾಲೆಗಳಲ್ಲಿ ದೃಷ್ಟಿ ನೋಡುತ್ತವೆ. ಕರ್ನಾಟಕದಲ್ಲಿ ಮನೆಮನೆ ತಪಾಸಣೆಯ 'ಆಶಾಕಿರಣ' ಯೋಜನೆಗೆ 2024ರಲ್ಲಿ ಹಾವೇರಿಯಲ್ಲಿ ಚಾಲನೆ ದೊರೆತಿತ್ತು. ತೊಡಕೆಂದರೆ, ತಪಾಸಣೆಯ ದಿನ ವಲಸೆ ಕುಟುಂಬದ ಮಗು ಜಾತ್ರೆಗೋ ಸುಗ್ಗಿಗೋ ಊರಿಗೆ ಹೋಗಿರುತ್ತದೆ, ಊರಲ್ಲಿ ತಪಾಸಣೆ ನಡೆದಾಗ ಗೋವಾದಲ್ಲಿರುತ್ತದೆ. ಎರಡೂ ಕಡೆಯ ಪಟ್ಟಿಯಿಂದ ಹೆಸರು ಬಿಟ್ಟುಹೋಗುತ್ತದೆ. ಅಂಥ ಪಾಲಕರು ತಾವಾಗಿ ಮಗುವನ್ನು ಕರೆದೊಯ್ಯಬೇಕಾಗುತ್ತದೆ. ಕಾಣಕೋಣದವರು ಅಲ್ಲಿಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಮಡಗಾಂವದ ದಕ್ಷಿಣ ಗೋವಾ ಜಿಲ್ಲಾ ಆಸ್ಪತ್ರೆ, ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು, ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗಗಳಿವೆ. ಚಿಕ್ಕ ಮಕ್ಕಳ ಪಾಪೆ ಹಿಗ್ಗಿಸಲು ಹನಿ ಹಾಕುವುದರಿಂದ ಕೆಲವು ತಾಸಿನಿಂದ ಒಂದೆರಡು ದಿನ ಹತ್ತಿರದ್ದು ಮಸುಕಾಗಿ ಕಾಣಬಹುದು, ಪರೀಕ್ಷೆಯ ಹಿಂದಿನ ದಿನ ಹೋಗದಿರುವುದು ಉತ್ತಮ. ಹಳೆಯ ಕನ್ನಡಕ, ಹಳೆಯ ಚೀಟಿ ಎರಡನ್ನೂ ಜೊತೆಗೆ ಒಯ್ಯಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನಂಬರ್ ನೋಡಿಸುವುದು ವಾಡಿಕೆ, ಮಸೂರ ಗೀರಿದ್ದರೆ ಅದಕ್ಕೂ ಮೊದಲೇ.